ಎಂ.ಎಸ್ಸಿ. ನರ್ಸಿಂಗ್ ಮಾಡಿದವರು ವಾರ್ಡ್ ಬಿಡಲೇಬೇಕಾ?

ಮೊನ್ನೆ ರಾತ್ರಿ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮೂರು ವರ್ಷದಿಂದ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದಾಳೆ. "ಅಕ್ಕಾ, ಎಂ.ಎಸ್ಸಿ.ಗೆ ಸೇರ್ಲಾ?" ಅಂದಳು. ಯಾಕೆ ಅಂತ ಕೇಳಿದೆ. "ನೈಟ್ ಡ್ಯೂಟಿ ತಪ್ಪುತ್ತಲ್ಲಕ್ಕಾ... ಕಾಲೇಜಾದ್ರೆ ಸಂಜೆಗೆ ಮನೆ, ಭಾನುವಾರ ರಜ."

ನಗು ಬಂತು. 2010ರಲ್ಲಿ ನಾನು ಸೇರಿದ್ದೂ ಇದೇ ಕಾರಣಕ್ಕೆ! ಫೋನಿನಲ್ಲಿ ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಒಂದೆರಡು ಮಾತು. ಇದು ಎರಡು ವರ್ಷದ ಕೋರ್ಸು. ನಮ್ಮ ದೇಶದಲ್ಲಿ ನರ್ಸಿಂಗ್ ಸ್ನಾತಕೋತ್ತರ ಪದವಿ ಶುರುವಾಗಿದ್ದು 1959ರಲ್ಲಿ, ದೆಹಲಿಯ ನರ್ಸಿಂಗ್ ಕಾಲೇಜಿನಲ್ಲಿ (ಈಗಿನ ರಾಜಕುಮಾರಿ ಅಮೃತ್ ಕೌರ್ ಕಾಲೇಜು). ಮೆಡಿಕಲ್ ಸರ್ಜಿಕಲ್, ಮಕ್ಕಳ ಆರೋಗ್ಯ, ಪ್ರಸೂತಿ, ಸಮುದಾಯ ಆರೋಗ್ಯ, ಮನೋರೋಗ ಅಂತ ಐದು ವಿಭಾಗಗಳು. ನಾನು ಸೇರುವಾಗ ಬಿ.ಎಸ್ಸಿ.ಯಲ್ಲಿ ಶೇ. 55 ಅಂಕದ ಜೊತೆ ಒಂದು ವರ್ಷದ ಅನುಭವವೂ ಬೇಕಿತ್ತು. ಒಳ್ಳೆಯ ನಿಯಮ. ಆದರೆ ಆ ಅನುಭವವನ್ನು ಬರೀ ಕಾಗದದಲ್ಲಿ ತಂದವರೂ ನಮ್ಮ ಬ್ಯಾಚಿನಲ್ಲಿದ್ದರು, ಇರಲಿ ಬಿಡಿ.

ಎರಡು ವರ್ಷ ಏನು ಮಾಡಿದೆವು? ಸೆಮಿನಾರು, ಕೇರ್ ಪ್ಲಾನು, ಲಾಗ್ ಬುಕ್ಕು, ಆಮೇಲೆ ಥೀಸಿಸ್. ನರ್ಸಿಂಗ್ ಓದಿದವರಿಗೆ ಆ ಥೀಸಿಸ್ಸಿನ ಹೆಸರು ಬಾಯಿಪಾಠ ಇರುತ್ತೆ: "ಇಂಥ ಕಾಯಿಲೆಯ ಬಗ್ಗೆ ಇಂಥವರ ತಿಳಿವಳಿಕೆಯ ಮೇಲೆ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂನ ಪರಿಣಾಮ." ಮೊದಲು ಪ್ರಶ್ನೆ ಕೇಳೋದು, ಪಾಠ ಮಾಡೋದು, ಮತ್ತೆ ಅದೇ ಪ್ರಶ್ನೆ ಕೇಳೋದು. ಅಂಕ ಜಾಸ್ತಿ ಬಂತು! ಬರದೇ ಏನಾಗುತ್ತೆ? ನನ್ನದೂ ಅದೇ. ಬೈಂಡ್ ಆಗಿ ಲೈಬ್ರರಿಯಲ್ಲಿ ಧೂಳು ಕುಡೀತಾ ಕೂತಿದೆ.

ಆಮೇಲೆ ಲೆಕ್ಚರರ್ ಆದೆ. ನೈಟ್ ಡ್ಯೂಟಿ ತಪ್ಪಿತು, ನಿಜ. ಮಗಳು ಬೆಳೆಯುವುದನ್ನು ನೋಡಿದೆ. ಅದನ್ನು ಅಲ್ಲಗಳೆಯಲ್ಲ.

ಆದರೆ ಕಳೆದ ವರ್ಷ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆದುಕೊಂಡು ಹೋಗಿದ್ದೆ. ವಾಂತಿ ಭೇದಿಯಿಂದ ಸೊರಗಿ ಹೋಗಿದ್ದ ಒಬ್ಬ ಅಜ್ಜಿ. "ಮೇಡಂ, ವೇಯ್ನ್ ಸಿಗ್ತಾ ಇಲ್ಲ, ನೀವೇ ಹಾಕಿ ತೋರ್ಸಿ" ಅಂದಳು ಒಬ್ಬ ಹುಡುಗಿ. ಹಾಕಲು ಹೋದೆ. ಒಂದು ಸಲ ಚುಚ್ಚಿದೆ, ತಪ್ಪಿತು. ಎರಡನೇ ಸಲವೂ ತಪ್ಪಿತು. ಎಂಟು ಮಂದಿ ವಿದ್ಯಾರ್ಥಿಗಳು ಸುತ್ತ ನಿಂತು ನೋಡುತ್ತಿದ್ದಾರೆ...

ಪಕ್ಕದ ಬೆಡ್ಡಿನಿಂದ ಸ್ಟಾಫ್ ನರ್ಸ್ ಒಬ್ಬರು ಬಂದರು. ಓದಿದ್ದು ಜಿ.ಎನ್.ಎಂ., ಇಪ್ಪತ್ತು ವರ್ಷದ ಸರ್ವೀಸು. ಅಜ್ಜಿಯ ಕೈಯನ್ನು ಮಂಚದಿಂದ ಕೆಳಗೆ ಇಳಿಬಿಟ್ಟರು. ಬೆಚ್ಚಗಿನ ಒದ್ದೆ ಬಟ್ಟೆ ಸುತ್ತಿದರು. ಊರು ಯಾವುದು, ಎಷ್ಟು ಮಕ್ಕಳು ಅಂತ ಮಾತಾಡಿಸಿದರು. ಐದು ನಿಮಿಷ ಬಿಟ್ಟು ಒಂದೇ ಸಲಕ್ಕೆ ಕ್ಯಾನ್ಯುಲಾ ಹಾಕಿ ಎದ್ದರು. "ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವಾ" ಅಂದಿತು ಅಜ್ಜಿ.

ಆ ಹಾರೈಕೆ ನನಗೆ ಸಿಗಲಿಲ್ಲ. ಅದು ಪದವಿಗೆ ಸಿಗುವಂಥದ್ದೂ ಅಲ್ಲ. ಅವರು ಮಾಡಿದ್ದೆಲ್ಲಾ ನನಗೂ ಗೊತ್ತಿತ್ತು, ಬೋರ್ಡಿನ ಮೇಲೆ ಬರೆದು ಪಾಠವನ್ನೂ ಮಾಡಿದ್ದೆ. ಕೈ ಮರೆತಿತ್ತು, ಅಷ್ಟೇ.

ತಪ್ಪು ಬರೀ ನನ್ನದಾ? ಡಾಕ್ಟರುಗಳನ್ನು ನೋಡಿ. ಎಂ.ಡಿ. ಮಾಡಿದ ಪ್ರೊಫೆಸರು ಬೆಳಿಗ್ಗೆ ರೌಂಡ್ಸ್ ಮಾಡುತ್ತಾರೆ, ಮಧ್ಯಾಹ್ನ ಪಾಠ ಮಾಡುತ್ತಾರೆ. ಹೆಚ್ಚು ಓದಿದಷ್ಟೂ ಅವರು ರೋಗಿಗೆ ಹತ್ತಿರ. ನಮ್ಮಲ್ಲಿ ಹೆಚ್ಚು ಓದಿದಷ್ಟೂ ದೂರ! ಎಂ.ಎಸ್ಸಿ. ಮಾಡಿ ಅದೇ ವಾರ್ಡಿಗೆ ವಾಪಸ್ ಹೋದರೆ "ಇಷ್ಟು ಓದಿ ಇಲ್ಲೇನು ಮಾಡ್ತೀರಿ?" ಅಂತಾರೆ. ಬೇರೆ ಹುದ್ದೆಯೂ ಇಲ್ಲ, ಬೇರೆ ಸಂಬಳವೂ ಇಲ್ಲ.

ದಾರಿ ಇಲ್ಲವೆಂದಲ್ಲ. ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ ಪಾಠ ಮಾಡುವವರೇ ವಾರ್ಡಿನ ಹೊಣೆಯನ್ನೂ ಹೊರುವ ಪದ್ಧತಿ ಇದೆ. ಭಾರತೀಯ ನರ್ಸಿಂಗ್ ಕೌನ್ಸಿಲ್ ಕೆಲವು ವರ್ಷಗಳ ಹಿಂದೆ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಅನ್ನುವ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ತಂದಿತು. ಹೆಚ್ಚಿನ ಹೊತ್ತು ರೋಗಿಯ ಹತ್ತಿರವೇ ಕಲಿಯುವ ಕೋರ್ಸ್ ಅದು. ಆದರೆ ಕಲಿತು ಬಂದವರಿಗೆ ಆ ಹೆಸರಿನ ಹುದ್ದೆ, ಅದಕ್ಕೆ ತಕ್ಕ ಸಂಬಳ ಬೇಡವೇ? 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ನರ್ಸುಗಳಿಗೆ ರಾಜ್ಯ ಸರ್ಕಾರಿ ನರ್ಸುಗಳಷ್ಟೇ ಸಂಬಳ ಕೊಡಬೇಕು ಅಂದಿತ್ತು. ನನ್ನ ತಂಗಿ ಕೆಲಸ ಮಾಡುವುದು ಅಷ್ಟು ದೊಡ್ಡ ಆಸ್ಪತ್ರೆಯಲ್ಲೇ. ಅವಳ ಪೇ ಸ್ಲಿಪ್ ನೋಡಿದರೆ ಆ ವರದಿ ಎಲ್ಲಿದೆ ಅಂತ ಗೊತ್ತಾಗುತ್ತೆ. ವಾರ್ಡಿನಲ್ಲಿ ನೆಮ್ಮದಿಯಿದ್ದರೆ ಅವಳು ಓಡಿಹೋಗಲು ಯಾಕೆ ನೋಡುತ್ತಿದ್ದಳು?

ಹಾಗಾದರೆ ಅವಳಿಗೆ ಏನು ಹೇಳಲಿ? ಸೇರು ಅಂತಲೇ ಹೇಳುತ್ತೇನೆ. ಆದರೆ ಐಸಿಯುನಲ್ಲಿ ನಿನ್ನನ್ನು ಕಾಡಿದ ಒಂದು ಪ್ರಶ್ನೆಯನ್ನು ಜೊತೆಗೆ ತೆಗೆದುಕೊಂಡು ಹೋಗು. ಬೆಡ್ ಸೋರ್ ಯಾಕೆ ನಿಲ್ಲುತ್ತಿಲ್ಲ, ಹ್ಯಾಂಡ್ ಓವರ್‌ನಲ್ಲಿ ಏನು ಬಿಟ್ಟುಹೋಗುತ್ತಿದೆ, ಇಂಥದ್ದು. ಥೀಸಿಸ್ ಅದರ ಮೇಲೆ ಬರೆ. ಕ್ಲಾಸಿಗೆ ಬರದಿದ್ದರೂ ಹಾಜರಿ ಹಾಕುತ್ತೇವೆ ಅನ್ನುವ ಕಾಲೇಜಿನ ಬಾಗಿಲಿಗೂ ಹೋಗಬೇಡ. ಲೆಕ್ಚರರ್ ಆದ ಮೇಲೂ ವಾರಕ್ಕೊಂದು ದಿನ ಕೈಗೆ ಗ್ಲೌಸ್ ಹಾಕಿಕೋ.

ನಾನೂ ಎರಡು ತಿಂಗಳಿಂದ ಶನಿವಾರ ವಾರ್ಡಿಗೆ ಹೋಗುತ್ತಿದ್ದೇನೆ, ಆ ಜಿ.ಎನ್.ಎಂ. ಸಿಸ್ಟರ್ ಹತ್ತಿರ ಕಲಿಯೋಕೆ. ಮೊದಲ ದಿನ ಅವರು ನಕ್ಕುಬಿಟ್ಟರು. ಈಗ ನಗೋದಿಲ್ಲ :)

ನರ್ಸಿಂಗ್ ಓದಿದವರು, ಓದುತ್ತಿರುವವರು ಇದ್ದರೆ ನಿಮ್ಮ ಅನುಭವ ಬರೆಯಿರಿ. ನಾನು ಹೇಳಿದ್ದು ತಪ್ಪು ಅನ್ನಿಸಿದರೂ ಬರೆಯಿರಿ. ಏನಂತೀರಿ?