ಹಿರಿಯರ ಕಿವಿ, ಕಿರಿಯರ ಹಾಡು

ಊಟ ಉಡುಪುಗಳ ವಿಷಯದಲ್ಲಿ ಮಕ್ಕಳೊಡನೆ ಹೇಗೋ ಹೊಂದಿಕೊಂಡು ಹೋಗುವ ಹಿರಿಯರು ಸಂಗೀತದ ಮಾತು ಬಂದೊಡನೆ ನ್ಯಾಯಾಧೀಶರಾಗಿಬಿಡುತ್ತಾರೆ. ಒಲ್ಲದ ಉಡುಪನ್ನು ಕಂಡರೆ ಕಣ್ಣು ಮುಚ್ಚಿಕೊಳ್ಳಬಹುದು, ಕಿವಿಗೆ ರೆಪ್ಪೆಯಿಲ್ಲ. ಒಲ್ಲದ ಹಾಡು ಕೇಳಿಸಿದಾಗ ಅದು ನಮಗೆ ರುಚಿಸಲಿಲ್ಲವೆಂದು ಹೇಳಿ ನಾವು ಸುಮ್ಮನಾಗುವುದಿಲ್ಲ. ಅದು ಸಂಗೀತವೇ ಅಲ್ಲ ಎನ್ನುತ್ತೇವೆ. ಈ ಮಾತನ್ನು ನಾನೂ ಆಡಿದವನೇ. ಆಡಿದ್ದು ಎಷ್ಟು ಸರಿ ಎಂಬ ಯೋಚನೆ ಹತ್ತಿದ್ದು, ಕಳೆದ ರಜೆಯಲ್ಲಿ ಅಮೆರಿಕದ ಕೆಲವು ಹಳೆಯ ಚಲಚ್ಚಿತ್ರಗಳನ್ನು ನೋಡಿದ ಮೇಲೆ.

ರಾಕ್ ಅಂಡ್ ರೋಲ್ ಎಂಬ ಸಂಗೀತ ಅಮೆರಿಕದ ಹದಿಹರೆಯದವರನ್ನು ಆವರಿಸಿದ ಕಾಲದ ಚಿತ್ರಗಳವು. 1955ರ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಚಿತ್ರ ಬಿಲ್ ಹೇಲಿಯ ‘ರಾಕ್ ಅರೌಂಡ್ ದ ಕ್ಲಾಕ್’ ಹಾಡಿನೊಡನೆ ತೆರೆದುಕೊಳ್ಳುತ್ತದೆ. ಹಿಂದಿನ ವರ್ಷ ಮುದ್ರಣಗೊಂಡಾಗ ಹೆಚ್ಚು ಸದ್ದು ಮಾಡದಿದ್ದ ಆ ಹಾಡು ಚಿತ್ರದ ಬಲದಿಂದ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯ ತುದಿಗೇರಿತು. ಚಿತ್ರ ಎಬ್ಬಿಸಿದ ಗದ್ದಲವೂ ಕಡಿಮೆಯದಲ್ಲ. ಇಟಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಕ್ಲೇರ್ ಬೂತ್ ಲೂಸ್ ಅವರ ವಿರೋಧದಿಂದ ಅದು ಆ ವರ್ಷದ ವೆನಿಸ್ ಚಿತ್ರೋತ್ಸವದಿಂದ ಹಿಂದೆ ಸರಿಯಬೇಕಾಯಿತು.

ಮರುವರ್ಷ ಆ ಹಾಡಿನ ಹೆಸರನ್ನೇ ಹೊತ್ತ ಚಿತ್ರವೊಂದು ಬಂದಿತು. ನಿರ್ಮಾಪಕ ಸ್ಯಾಮ್ ಕಟ್ಜ್‌ಮನ್. ಕಡಿಮೆ ಹಣದಲ್ಲಿ, ಕಡಿಮೆ ದಿನಗಳಲ್ಲಿ ಚಿತ್ರ ಮುಗಿಸುವುದರಲ್ಲಿ ಹೆಸರಾದವನು. 1956ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಚಿತ್ರಮಂದಿರಗಳಲ್ಲಿ ಈ ಚಿತ್ರ ನಡೆಯುವಾಗ ತರುಣರು ಕುರ್ಚಿಗಳನ್ನು ಕಿತ್ತರು, ನಡುದಾರಿಯಲ್ಲೇ ಕುಣಿದರು. ಹಲವು ಊರುಗಳಲ್ಲಿ ಪ್ರದರ್ಶನ ನಿಷಿದ್ಧವಾಯಿತು. ಅಷ್ಟು ಭಯ ಹುಟ್ಟಿಸಿದ ಚಿತ್ರದಲ್ಲಿ ಇರುವುದಾದರೂ ಏನು? ಹಳ್ಳಿಗಾಡಿನಲ್ಲಿ ನುಡಿಸುತ್ತಿದ್ದ ವಾದ್ಯವೃಂದವೊಂದು ನಗರಕ್ಕೆ ಬಂದು ಗೆಲ್ಲುವ ಸಾಧು ಕತೆ, ಅಷ್ಟೆ.

ಅದೇ ವರ್ಷದ ಕೊನೆಗೆ ಕಟ್ಜ್‌ಮನ್ ತಂದ ‘ಡೋಂಟ್ ನಾಕ್ ದ ರಾಕ್’ ಹಿರಿಯರ ಆಕ್ಷೇಪವನ್ನೇ ವಸ್ತುವಾಗಿಸಿಕೊಂಡಿತು. ಖ್ಯಾತ ಗಾಯಕನೊಬ್ಬ ತನ್ನೂರಿಗೆ ಬರುತ್ತಾನೆ. ಊರ ಹಿರಿಯರು ಅವನ ಸಂಗೀತಕ್ಕೆ ತಡೆಯೊಡ್ಡುತ್ತಾರೆ. ಕೊನೆಗೆ ಕಿರಿಯರೆಲ್ಲ ಸೇರಿ ಒಂದು ಪ್ರದರ್ಶನ ಏರ್ಪಡಿಸಿ, ಹಿರಿಯರು ತಮ್ಮ ಹರೆಯದಲ್ಲಿ ಕುಣಿದಿದ್ದ ಚಾರ್ಲ್‌ಸ್ಟನ್ ನೃತ್ಯವನ್ನು ಅವರ ಮುಂದೆಯೇ ಕುಣಿದು ತೋರಿಸುತ್ತಾರೆ. ಹಿರಿಯರು ನಕ್ಕು ಸೋಲೊಪ್ಪುತ್ತಾರೆ.

ವಾದ ಚಮತ್ಕಾರವಾಗಿದೆ, ಸುಳ್ಳೂ ಅಲ್ಲ. 1921ರಲ್ಲಿಯೇ ಅಮೆರಿಕದ ‘ಲೇಡೀಸ್ ಹೋಮ್ ಜರ್ನಲ್’ ಪತ್ರಿಕೆ ಜಾಸ್ ಸಂಗೀತವನ್ನು ಯುವಜನರ ಶೀಲಕ್ಕೆ ಕೇಡೆಂದು ಹಳಿದ ಲೇಖನವನ್ನು ಪ್ರಕಟಿಸಿತ್ತು. ನಮ್ಮಲ್ಲಿಯೂ 1952ರಿಂದಾಚೆಗೆ, ಕೇಸ್ಕರ್ ಅವರು ಸಚಿವರಾಗಿದ್ದಾಗ, ಆಕಾಶವಾಣಿ ಶಾಸ್ತ್ರೀಯ ಸಂಗೀತದ ರಕ್ಷಣೆಗೆಂದು ಚಿತ್ರಗೀತೆಗಳನ್ನು ಹೊರಗಿಟ್ಟಿತು. ಕೇಳುಗರು ಸದ್ದಿಲ್ಲದೆ ರೇಡಿಯೋ ಸಿಲೋನಿನತ್ತ ಮುಳ್ಳು ತಿರುಗಿಸಿದರು. 1957ರಲ್ಲಿ ‘ವಿವಿಧಭಾರತಿ’ಯನ್ನು ತೆರೆಯಬೇಕಾಯಿತು. ಅಂದು ಹೊರಗಿದ್ದ ಹಾಡುಗಳನ್ನೇ ಇಂದು ನಾವು ‘ಹಳೆಯ ಇಂಪು’ ಎಂದು ಕಿರಿಯರ ಮುಂದೆ ಮೆರೆಸುತ್ತೇವೆ.

ಆದರೂ ಈ ಸಮಾಧಾನ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಮೊದಲನೆಯದಾಗಿ, ಅದು ಜಗಳದ ನಿಜವಾದ ಬೇರನ್ನು ಮುಚ್ಚಿಡುತ್ತದೆ. ರಾಕ್ ಅಂಡ್ ರೋಲ್ ಕರಿಯ ಜನರ ಸಂಗೀತದಿಂದ ಮೂಡಿದ್ದು. ಲಿಟ್ಲ್ ರಿಚರ್ಡ್, ಚಕ್ ಬೆರಿ, ಫ್ಯಾಟ್ಸ್ ಡೊಮಿನೊ ಅಂಥವರು ಈ ಬಗೆಯ ಚಿತ್ರಗಳಲ್ಲಿ ಬಂದು ಹಾಡಿ ಹೋಗುತ್ತಾರೆ. ಕತೆಯೊಳಗೆ ಅವರಿಗೆ ಮನೆಯಿಲ್ಲ. 1956ರ ಏಪ್ರಿಲ್ 10ರಂದು ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ, ಬಿಳಿಯರಿಗಾಗಿಯೇ ಏರ್ಪಟ್ಟಿದ್ದ ಕಚೇರಿಯಲ್ಲಿ, ನ್ಯಾಟ್ ಕಿಂಗ್ ಕೋಲ್ ಎಂಬ ಕರಿಯ ಗಾಯಕನ ಮೇಲೆ ವರ್ಣದ್ವೇಷಿಗಳು ವೇದಿಕೆಯೇರಿ ಬಿದ್ದರು. ಅವನು ಹಾಡುತ್ತಿದ್ದುದು ರಾಕ್ ಅಂಡ್ ರೋಲ್ ಅಲ್ಲ, ಮೃದುವಾದ ಪ್ರೇಮಗೀತೆಗಳನ್ನು. ಅವರನ್ನು ಕೆರಳಿಸಿದ್ದು ಸದ್ದಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ‘ಇದು ಸಂಗೀತವಲ್ಲ’ ಎಂಬ ತೀರ್ಪಿನ ಹಿಂದೆ ಎಷ್ಟೋ ಸಲ ‘ಇವರು ನಮ್ಮವರಲ್ಲ’ ಎಂಬ ತೀರ್ಪು ಅಡಗಿರುತ್ತದೆ.

ಎರಡನೆಯದಾಗಿ, ‘ನೀವೂ ಒಂದು ಕಾಲಕ್ಕೆ ಹೀಗೆಯೇ ಇದ್ದಿರಲ್ಲ’ ಎಂಬ ಮಾತು ವಿಮರ್ಶೆಯ ಬಾಯಿಯನ್ನೇ ಕಟ್ಟುತ್ತದೆ. ಹಿಂದೆ ಹಳಿಸಿಕೊಂಡದ್ದೆಲ್ಲ ಮುಂದೆ ಉತ್ತಮವಾಗುವುದಿಲ್ಲ. ಗುಣದೋಷಗಳನ್ನು ಹೇಳುವ ಹಕ್ಕು ಹಿರಿಯರಿಗೂ ಉಂಟು, ಕಿರಿಯರಿಗೂ ಉಂಟು. ಆದರೆ ಕೇಳದೆ ಹೇಳುವ ಹಕ್ಕು ಯಾರಿಗೂ ಇಲ್ಲ.

ಇಲ್ಲಿ ನನಗೆ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ಅದರಲ್ಲೊಬ್ಬ ಗಣಿತದ ಅಧ್ಯಾಪಕನಿದ್ದಾನೆ. ವರ್ಷಗಟ್ಟಲೆ ಕೂಡಿಹಾಕಿದ ಜಾಸ್ ತಟ್ಟೆಗಳನ್ನು ಹುಡುಗರು ಮೆಚ್ಚಿಯಾರೆಂಬ ಆಸೆಯಿಂದ ತರಗತಿಗೆ ತರುತ್ತಾನೆ. ಅವರು ನಗುತ್ತಾರೆ, ಬೇರೆ ಹಾಡು ಕೇಳುತ್ತಾರೆ, ಕೊನೆಗೆ ಒಂದೊಂದೇ ತಟ್ಟೆಯನ್ನು ಎಸೆದು ಪುಡಿಮಾಡುತ್ತಾರೆ. ತಂದೆಯರ ಕಾಲದಲ್ಲಿ ಬೈಗುಳ ತಿಂದ ಸಂಗೀತ ಮಕ್ಕಳ ಕಾಲದಲ್ಲಿ ಕಾಲ್ತುಳಿತಕ್ಕೆ ಸಿಕ್ಕಿತು! ಆ ಅಧ್ಯಾಪಕ ಚೂರುಗಳ ಮುಂದೆ ನಿಂತ ಭಂಗಿಯನ್ನು ನಾನು ಮರೆಯಲಾರೆ. ಅದೇ ಚಿತ್ರದ ಇನ್ನೊಬ್ಬ ಅಧ್ಯಾಪಕ, ಸಿಡ್ನಿ ಪಾಯ್ಟಿಯರ್ ಅಭಿನಯಿಸಿದ ಕರಿಯ ವಿದ್ಯಾರ್ಥಿ ಗೆಳೆಯರೊಡನೆ ಹಾಡುವುದನ್ನು ನಿಂತು ಕೇಳುತ್ತಾನೆ. ಅವರ ನಡುವಣ ಬಿಗುವು ಕರಗಲು ತೊಡಗುವುದು ಅಂಥ ಗಳಿಗೆಗಳಲ್ಲಿ.

ಮರೆಯಲಾರದ್ದಕ್ಕೆ ಕಾರಣವಿದೆ. ಎರಡು ವರ್ಷಗಳ ಹಿಂದೆ ನಾನೂ ಕುಮಾರವ್ಯಾಸ ಭಾರತದ ಗಮಕ ವಾಚನದ ಮುದ್ರಿಕೆಯೊಂದನ್ನು ತರಗತಿಗೆ ಒಯ್ದಿದ್ದೆ. ದೀರ್ಘವಾದ ಆಲಾಪ ಬಂದೊಡನೆ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ನಕ್ಕ. ನಾನು ಮುದ್ರಿಕೆಯನ್ನು ನಿಲ್ಲಿಸಿ, ಅವರು ಕೇಳುವುದೆಲ್ಲ ಬರಿಯ ಅರಚಾಟವೆಂದು ಗಂಟೆ ಬಾರಿಸುವ ತನಕ ಬೈದೆ. ಹೊರಗೆ ಬಂದಾಗ ಆ ಹುಡುಗ ಬಳಿಗೆ ಬಂದು, “ತಪ್ಪಾಯ್ತು ಸಾರ್. ಆದರೆ ನಮ್ಮ ಹಾಡು ಒಂದನ್ನಾದರೂ ಪೂರ್ತಿ ಕೇಳಿದ್ದೀರಾ ಸಾರ್?” ಎಂದ. ಕೇಳಿರಲಿಲ್ಲ. ಕೇಳಿದ್ದೇನೆಂದು ಹೇಳಿದೆ. ನಕ್ಕ ಅವನ ತಪ್ಪಿಗಿಂತ ಆ ಸುಳ್ಳು ದೊಡ್ಡದೆಂಬುದು ಚಿತ್ರವನ್ನು ನೋಡಿದಾಗ ಹೊಳೆಯಿತು.

ಅನಂತರ ಆ ಬಗೆಯ ಕನ್ನಡ ರ‍್ಯಾಪ್ ಹಾಡುಗಳನ್ನು ಪೂರ್ತಿ ಕೇಳಿದೆ. ಮೆಚ್ಚಿದೆನೆಂದು ಹೇಳಲಾರೆ. ಪ್ರಾಸಕ್ಕಾಗಿ ಅರ್ಥವನ್ನು ಬಲಿಗೊಟ್ಟ ಸಾಲುಗಳು ಅಲ್ಲಿ ಬಹಳ. ಆದರೆ ಮಾತು ಒಂದು ಕಡೆಗೆ, ತಾಳ ಒಂದು ಕಡೆಗೆ ಎಳೆಯುವ ಆಟವಿದೆಯಲ್ಲ, ಅದು ಭಾಮಿನಿಯಲ್ಲಿ ವಾಕ್ಯ ಪಾದದಿಂದ ಪಾದಕ್ಕೆ ದಾಟುವುದನ್ನು ಕಲಿಸುವ ನನಗೆ ಅಪರಿಚಿತವಲ್ಲ. ಬೈದ ದಿನ ಇದು ತಿಳಿದಿದ್ದರೆ ಆ ಹುಡುಗನಿಗೆ ಗಮಕದ ದಾರಿ ತೋರಿಸಬಹುದಾಗಿತ್ತು. ಅವನು ಪದವಿ ಮುಗಿಸಿ ಹೋದ.

ಈ ವರ್ಷ ಅದೇ ಮುದ್ರಿಕೆಯನ್ನು ಮತ್ತೆ ಒಯ್ಯುವವನಿದ್ದೇನೆ. ಅದಕ್ಕೆ ಮುನ್ನ ಒಂದು ಗಂಟೆ ವಿದ್ಯಾರ್ಥಿಗಳು ತಂದ ಹಾಡುಗಳಿಗೆ ಮೀಸಲು. ಆಮೇಲೆ ನನಗೆ ಸರಿಕಾಣದ್ದನ್ನು ನಾನು ಹೇಳುತ್ತೇನೆ, ಅವರಿಗೆ ಸರಿಕಾಣದ್ದನ್ನು ಅವರು ಹೇಳಲಿ. ಆಲಾಪ ಬಂದಾಗ ಯಾರಾದರೂ ನಕ್ಕರೆ ಮುದ್ರಿಕೆಯನ್ನು ನಿಲ್ಲಿಸುವುದಿಲ್ಲವೆಂದು ಮಾತ್ರ ನಿಶ್ಚಯಿಸಿದ್ದೇನೆ.