ಕೋಡಿ ಹರಿಯೋ ಜಾಗದಲ್ಲಿ ನಾನೂರು ಮನೆ

ನಮ್ಮ ಲೇಔಟಿನ ಕೊನೇ ಕ್ರಾಸ್ ದಾಟಿದರೆ ಸುಮಾರು ನಾಲ್ಕೆಕರೆ ಖಾಲಿ ಬಯಲು. ಜಾಲಿ, ಲಾಂಟಾನ, ನಾಲ್ಕಾರು ಹೊಂಗೆ ಮರ, ಸಂಜೆ ಹುಡುಗರ ಕ್ರಿಕೆಟ್ಟು. ಅಲ್ಲೀಗ ತಗಡಿನ ಬೇಲಿ ಎದ್ದಿದೆ. 14 ಅಂತಸ್ತಿನ ನಾಲ್ಕು ಟವರು, 400 ಫ್ಲಾಟು ಬರುತ್ತಂತೆ. ಬ್ರೋಷರಿನಲ್ಲಿ ‘ಲೇಕ್ ವ್ಯೂ’ ಅಂತ ಬರೆದು, ಪಕ್ಕದ ಕೆರೆಗೆ ಸ್ವಿಟ್ಜರ್ಲೆಂಡಿನ ನೀಲಿ ಬಳಿದಿದ್ದಾರೆ. ನನ್ನ ವಿರೋಧ ಇದೆ. ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಲೆಕ್ಕ ಬರುತ್ತೆ, ಬೇಜಾರು ಮಾಡ್ಕೋಬೇಡಿ.

ಹೀಗೆ ಬಾಯಿ ಬಿಟ್ಟ ತಕ್ಷಣ ಬೀಳೋ ಏಟು ಗೊತ್ತೇ ಇದೆ: “ನೀನು ಮಾತ್ರ ಹಳ್ಳಿಯಿಂದ ಬಂದು ಇಲ್ಲಿ ಮನೆ ಮಾಡಬಹುದು, ಬೇರೆಯವರು ಬರಬಾರದಾ?” ನ್ಯಾಯವಾದ ಪ್ರಶ್ನೆ. ನಾನು ತಿಪಟೂರು ಕಡೆಯವನು. ಬಿಇ ಮುಗಿಸಿ ಒಂದು ಟ್ರಂಕು ಹಿಡ್ಕೊಂಡು ಪಿಜಿಗೆ ಬಂದವನು. ನಾಳೆ ನಮ್ಮಕ್ಕನ ಮಗನೂ ಬರ್ತಾನೆ, ಅವನಿಗೂ ಮನೆ ಬೇಕು. ನಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ಕೆಲವರು “ಬ್ಯಾಚುಲರ್‌ಗಳು ಬರ್ತಾರೆ”, “ನಮ್ಮ ಸೈಟ್ ರೇಟ್ ಬೀಳುತ್ತೆ”, “ಬಾಲ್ಕನಿಗೆ ಬಿಸಿಲು ಬರಲ್ಲ” ಅಂತೆಲ್ಲ ಮಾತಾಡಿದರು. ಆ ಮಾತಿಗೆಲ್ಲ ನನ್ನ ಸಹಿ ಇಲ್ಲ ಅಂತ ಅಲ್ಲೇ ಹೇಳಿದೆ. ನಮಗೆ ಮನೆ ಬಾಡಿಗೆಗೆ ಸಿಗದೆ ಅಲೆದಾಡಿದ ದಿನಗಳು ಇಷ್ಟು ಬೇಗ ಮರೆಯೋಕೆ ಆಗಲ್ಲ. ನೀರಿನ ಪೈಪು, ಒಳಚರಂಡಿ, ಮೆಟ್ರೋ ಇರೋ ಕಡೆ 14 ಅಲ್ಲ, 40 ಅಂತಸ್ತು ಕಟ್ಟಲಿ, ನನ್ನ ತಕರಾರಿಲ್ಲ. ತಕರಾರು ಈ ಜಾಗದ ಬಗ್ಗೆ.

ಆ ಬಯಲು ಎರಡು ಕೆರೆಗಳ ನಡುವಿನ ತಗ್ಗು. ಬೆಂಗಳೂರಿನ ಹಳೇ ಕೆರೆಗಳು ಒಂಟಿಯಾಗಿ ಇದ್ದವಲ್ಲ, ಸರಪಳಿ. ಮೇಲಿನದು ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನದಕ್ಕೆ ಇಳಿಯುತ್ತೆ. ಕೋಡಿ ನೀರು ಹಾಯೋ ತಗ್ಗಿನಲ್ಲಿ ಮನೆ ಕಟ್ಟಬಾರದು ಅಂತ ನಮ್ಮೂರಲ್ಲಿ ದನ ಕಾಯೋ ಹುಡುಗನಿಗೂ ಗೊತ್ತು. ಅಲ್ಲಿ ಗದ್ದೆ ಮಾಡ್ತಾರೆ, ತೋಟ ಮಾಡ್ತಾರೆ, ಗೋಡೆ ಎಬ್ಬಿಸಲ್ಲ. 2022ರ ಸೆಪ್ಟೆಂಬರ್ ನೆನಪಿದೆಯಲ್ಲ? ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಲೇಔಟಿನವರನ್ನ ಬೋಟಿನಲ್ಲಿ ಕರ್ಕೊಂಡು ಬಂದರು, ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು, ಟಿವಿಯವರಿಗೆ ಹಬ್ಬ. ಆ ವಾರ ನಮ್ಮ ಬೀದಿಯಲ್ಲಿ ಪಾದ ಮುಳುಗೋಷ್ಟು ನೀರು, ಈ ಬಯಲಿನಲ್ಲಿ ಎದೆಮಟ್ಟ. ಖಾಲಿ ಬಿದ್ದಿದೆ ಅಂತ ನಾವಂದುಕೊಂಡ ಜಾಗ ಕೆಲಸ ಮಾಡ್ತಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದು ಬಫರ್. ಬಫರ್ ಕಿತ್ತು ಅದೇ ಜಾಗದಲ್ಲಿ ಲೋಡ್ ಕೂರಿಸಿದರೆ ಏನಾಗುತ್ತೆ ಅಂತ ಪ್ರೊಡಕ್ಷನ್ ಸಪೋರ್ಟ್ ಮಾಡಿದ ಯಾರನ್ನಾದರೂ ಕೇಳಿ.

ಬಿಲ್ಡರ್ ಕಡೆಯವರು ಇದಕ್ಕೆ ಉತ್ತರ ಇಟ್ಕೊಂಡಿದ್ದಾರೆ: “ಸರ್, ನಾವು ಮಣ್ಣು ತುಂಬಿಸಿ ಲೆವೆಲ್ ಆರಡಿ ಎತ್ತರ ಮಾಡ್ತೀವಿ, ನಮ್ಮ ಟವರಿಗೆ ನೀರು ಬರೋದೇ ಇಲ್ಲ.” ಒಪ್ಪಿದೆ, ಅವರ ಟವರಿಗೆ ಬರಲ್ಲ. ನೀರೇನು ಹಬೆಯಾಗಿ ಹೋಗುತ್ತಾ? ತಗ್ಗು ಹುಡುಕಿಕೊಂಡು ನಮ್ಮ ಕ್ರಾಸಿಗೆ ಬರುತ್ತೆ. ನಮ್ಮ ಲೇಔಟಿನ ಆಚೆ ಶೀಟಿನ ಮನೆಗಳಲ್ಲಿ ಇರೋ ಕಟ್ಟಡ ಕೆಲಸದವರ ಮನೆಗೆ ಅದಕ್ಕೂ ಮೊದಲು ಬರುತ್ತೆ.

ಇನ್ನು ಕಾನೂನು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆ ಅಂಚಿನಿಂದ 75 ಮೀಟರ್ ಬಿಡಿ ಅಂದಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡ್ತು, ಹಳೇ ಮಾಸ್ಟರ್ ಪ್ಲಾನಿನ 30 ಮೀಟರೇ ಮತ್ತೆ ಗಟ್ಟಿಯಾಯ್ತು. ಈ ಯೋಜನೆ ಆ ಮೂವತ್ತರ ಆಚೆ, ಎಪ್ಪತ್ತೈದರ ಈಚೆ ನಿಂತಿದೆ. ಕಾಗದದ ಮೇಲೆ ಸರಿಯಾಗಿರಬಹುದು, ಆದರೆ ನೀರಿಗೆ ಮೀಟರ್ ಪಟ್ಟಿ ಓದೋಕೆ ಬರಲ್ಲ.

ಕುಡಿಯೋ ನೀರಿನ ಲೆಕ್ಕಕ್ಕೆ ಬನ್ನಿ. ತಲೆಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರಿ ಮಾನದಂಡ. 400 ಮನೆ, ಮನೆಗೆ ನಾಲ್ಕು ಜನ ಅಂದರೂ ದಿನಕ್ಕೆ 2,16,000 ಲೀಟರ್. 12,000 ಲೀಟರಿನ ಟ್ಯಾಂಕರ್ ಆದರೆ 18. ಬರೋದು ಹೋಗೋದು ಸೇರಿ 36 ಸಲ, ಮಕ್ಕಳು ಸೈಕಲ್ ಕಲಿಯೋ ನಮ್ಮ 30 ಅಡಿ ರಸ್ತೆಯಲ್ಲಿ. “ಕಾವೇರಿ ಐದನೇ ಹಂತ ಬಂತಲ್ಲ ಗುರೂ” ಅಂತೀರಾ? ಬಂತು, 2024ರ ಅಕ್ಟೋಬರಿನಲ್ಲಿ, ದಿನಕ್ಕೆ 775 ದಶಲಕ್ಷ ಲೀಟರ್. ಅದು ಬಂದಿದ್ದು 110 ಹಳ್ಳಿಗಳಿಗೆ, ವರ್ಷಗಟ್ಟಲೆ ಕಾದು ಕೂತವರಿಗೆ. ಅದೇ ವರ್ಷದ ಬೇಸಿಗೆಯಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಹಾಕಿದ ಊರು ಇದು. ನಮ್ಮ ಬೀದಿಯ ನಲ್ಲಿಯಲ್ಲಿ ಇವತ್ತೂ ನೀರಿಗಿಂತ ಗಾಳಿ ಜಾಸ್ತಿ. ಬೋರ್ ಕೊರೀತಾರೆ ಅನ್ನಿ, ಆಗ ಬತ್ತೋದು ಅಕ್ಕಪಕ್ಕದವರ ಬೋರು.

ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸೋದು ಇನ್ನೊಂದಿದೆ. ಇಷ್ಟೆಲ್ಲ ಹೇಳೋಕೆ ನಮಗೆ ಒಂದು ಜಾಗವೇ ಇಲ್ಲ. 2006ರ ಪರಿಸರ ಅಧಿಸೂಚನೆ ಪ್ರಕಾರ 20,000 ಚದರ ಮೀಟರ್ ದಾಟಿದ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು. ಸರಿ. ಆದರೆ ಅದೇ ಅಧಿಸೂಚನೆ ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಬೇಕಿಲ್ಲ ಅಂತ ವಿನಾಯಿತಿ ಕೊಟ್ಟಿದೆ! ಊರಲ್ಲಿ ಹೆಂಡದಂಗಡಿ ಬರುತ್ತೆ ಅಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೂಗಾಡೋ ನಮ್ಮಮ್ಮನಿಗೆ ಇರೋ ಅವಕಾಶ, ವರ್ಷಾವರ್ಷ ತೆರಿಗೆ ಕಟ್ಟೋ ನನಗೆ ಇಲ್ಲಿಲ್ಲ. ಫೈಲು ಕಟ್ಟಡದ ಒಳಗೇ ಓಡಾಡುತ್ತೆ, ನಮಗೆ ಗೊತ್ತಾಗೋದು ತಗಡು ಎದ್ದ ಮೇಲೆ. ವಿದ್ಯಾವಂತರು ಬರೀ ದೂರ್ತಾರೆ ಅಂತಾರೆ. ದೂರು ಕೊಡೋ ಕಿಟಕಿಯನ್ನೇ ಗೋಡೆ ಮಾಡಿಬಿಟ್ಟರೆ ಇನ್ನೇನು ಮಾಡೋದು ಸ್ವಾಮಿ?

ಹಾಗಾಗಿ ಆ ಕಿಟಕಿ ಬಿಟ್ಟು ನಿಮ್ಮ ಹತ್ರ ಬಂದಿದೀನಿ. ಈ ಫ್ಲಾಟುಗಳನ್ನ ಕೊಳ್ಳೋರು ನೀವೇ, ನನ್ನ ಪಕ್ಕದ ಕ್ಯೂಬಿಕಲ್‌ನವರು, ಇಪ್ಪತ್ತು ವರ್ಷದ ಇಎಂಐಗೆ ಸಹಿ ಹಾಕೋರು. ಬುಕಿಂಗ್ ದುಡ್ಡು ಕೊಡೋ ಮುಂಚೆ ಸೇಲ್ಸ್ ಆಫೀಸಿನ ಕಾಫಿ ಕುಡಿದು, ಆರಾಮಾಗಿ ಮೂರು ಕಾಗದ ಕೇಳಿ: ಜಾಗದ ಹಳೇ ಗ್ರಾಮನಕ್ಷೆಯಲ್ಲಿ ಕಾಲುವೆ ಎಲ್ಲಿದೆ, ಮಣ್ಣು ತುಂಬೋ ಮೊದಲಿನ ಲೆವೆಲ್ ಎಷ್ಟು, ನೀರು ಎಲ್ಲಿಂದ ಅಂತ ಜಲಮಂಡಳಿ ಬರೆದುಕೊಟ್ಟಿರೋದು ಏನು. ಕೊಟ್ಟರೆ ನನಗೂ ಒಂದು ಕಾಪಿ ಕಳಿಸಿ, ನಾವು ಕೇಳಿದಾಗ ಕೊಟ್ಟಿಲ್ಲ. ಆಮೇಲೆ ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಜೋರು ಮಳೆ ಬಂದ ಮಾರನೇ ಬೆಳಗ್ಗೆ ಬನ್ನಿ, ಶೂ ಬಿಟ್ಟು ಚಪ್ಪಲಿ ಹಾಕ್ಕೊಂಡು. ನಾನೇ ಬಯಲಿನವರೆಗೆ ಕರ್ಕೊಂಡು ಹೋಗ್ತೀನಿ.