ಜೊಳ್ಳು ಉಳಿಸಿ ಕಾಳು ತೂರಬ್ಯಾಡ್ರಿ: ಫೋನಿನ ಜಾಗಾ ತಿನ್ನೂದು ಯಾವುದು?



ಇವತ್ತು ಬೀಜ, ಗೊಬ್ಬರದ ಮಾತು ಬಿಟ್ಟು ಫೋನಿನ ಮಾತು ಬರೀತೀನಿ. ಆದ್ರ ಇದೂ ಹೊಲದ ಮಾತೇ. "ಸ್ಟೋರೇಜ್ ಫುಲ್" ಅಂತ ಫೋನ್ ಹೇಳಿದ ಕೂಡಲೇ ನಮ್ಮ ಮಂದಿ ಮೂರರಾಗ ಒಂದು ಮಾಡ್ತಾರ. ಕ್ಯಾಮೆರಾದಾಗಿನ ಫೋಟೋ ಎಲ್ಲಾ ಒಮ್ಮೆಲೇ ಅಳಸ್ತಾರ. ಇಲ್ಲಾ ಯಾವುದೋ ಕ್ಲೀನರ್ ಆ್ಯಪ್ ಹಾಕ್ಕೋತಾರ. ಇಲ್ಲಾ ಬೆಳಗಾವಿಗೆ ಹೋಗಿ ಕಂತಿನ ಮ್ಯಾಲೆ ಹೊಸಾ ಫೋನ್ ತರ್ತಾರ. ನನ್ನ ಅಭಿಪ್ರಾಯದಾಗ ಮೂರೂ ತಪ್ಪು. ಅದರಾಗೂ ಮೊದಲನೇದು ಭಾಳ ದೊಡ್ಡ ತಪ್ಪು. ಅದು ಜೊಳ್ಳು ಉಳಿಸಿ ಕಾಳು ತೂರಿದಂಗ.

ಯಾಕ ಹೇಳ್ತೀನಿ ಕೇಳ್ರಿ. 2020ರ ಮುಂಗಾರಿನಿಂದ ನಮ್ಮ ರಾಜ್ಯದಾಗ ಬೆಳೆ ಸಮೀಕ್ಷೆಯನ್ನು ರೈತರೇ ಆ್ಯಪಿನಲ್ಲಿ ಮಾಡಬಹುದು ಅಂತ ಆತು. ಹೊಲದಾಗ ನಿಂತು ಫೋಟೋ ತೆಗಿಯಬೇಕು, ಅದರ ಜೋಡಿ ಆ ಜಾಗಾದ ಜಿಪಿಎಸ್ ಗುರುತೂ ಹೋಗ್ತದ. ಬೆಳೆ ವಿಮೆಯಲ್ಲಿ ಆಲಿಕಲ್ಲಿನಂಥ ಸ್ಥಳೀಯ ಹಾನಿ ಆದ್ರ 72 ತಾಸಿನೊಳಗ ತಿಳಿಸಬೇಕು. ಇನ್ನೊಂದು ಸುದ್ದಿ ನಮ್ಮ ತಾಲೂಕಿಗೆ ಅಂತಲೇ ಬಂದಂಗ ಐತಿ. ಕಾಡುಪ್ರಾಣಿಯಿಂದ ಆದ ಬೆಳೆಹಾನಿ ಮತ್ತು 2018ರಲ್ಲಿ ಕೈಬಿಟ್ಟಿದ್ದ ಭತ್ತದ ಗದ್ದೆ ಮುಳುಗಡೆ, ಇವೆರಡನ್ನೂ 2026ರ ಮುಂಗಾರಿನಿಂದ ಫಸಲ್ ಬಿಮಾ ಯೋಜನೆಯೊಳಗ ತರ್ತೀವಿ ಅಂತ ಕೇಂದ್ರ ಸರಕಾರ 2025ರ ನವೆಂಬರಿನಲ್ಲಿ ಹೇಳಿತು. ಯಾವ ಪ್ರಾಣಿ, ಯಾವ ಜಿಲ್ಲೆ ಅನ್ನೂದನ್ನ ರಾಜ್ಯ ಸರಕಾರ ಗೊತ್ತುಮಾಡಬೇಕು. ಆದ್ರ ಹಾನಿ ತಿಳಿಸೂದು ಅದೇ 72 ತಾಸಿನೊಳಗ, ಆ್ಯಪಿನಲ್ಲಿ, ಜಾಗಾದ ಗುರುತಿರುವ ಫೋಟೋ ಹಾಕಿ.

ಭೀಮಗಡ ಕಾಡಿನ ಅಂಚಿನವರಿಗೆ, ಕಣಕುಂಬಿ ಕಡೆಯವರಿಗೆ ಇದರ ಬೆಲಿ ಬ್ಯಾರೆ ಹೇಳಬೇಕಾಗಿಲ್ಲ. ರಾತ್ರಿ ಕಾಡುಕೋಣ ಗದ್ದಿಗೆ ಇಳೀತು ಅನ್ರಿ. ಬೆಳಿಗ್ಗೆ ಹೋಗಿ ಫೋಟೋ ತೆಗೀಬೇಕಂದ್ರ ಕ್ಯಾಮೆರಾ "ಜಾಗಾ ಇಲ್ಲ" ಅಂತದ. ಆವಾಗ ಬದುವಿನ ಮ್ಯಾಲೆ ನಿಂತು ಏನು ಅಳಸಬೇಕು ಅಂತ ಹುಡುಕೂದು ಅಂದ್ರ, ಮಳಿ ಬಂದ ಮ್ಯಾಲೆ ಕಾಲುವಿ ತೋಡಿದಂಗ.

ಈಗ ಕಾಳು ಯಾವುದು, ಜೊಳ್ಳು ಯಾವುದು ನೋಡೋಣ. ನೀವೇ ಕ್ಯಾಮೆರಾದಿಂದ ತೆಗೆದ ಮೂಲ ಫೋಟೋದಾಗ ತಾರೀಖು, ವೇಳೆ ಇರ್ತದ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆನ್ ಇದ್ರ ಜಾಗಾದ ಗುರುತೂ ಇರ್ತದ. ಅದೇ ಫೋಟೋನ ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರ ಅದು ಸಣ್ಣದಾಗ್ತದ, ಜಾಗಾದ ಗುರುತು ಅಳಿದು ಹೋಗ್ತದ. "ವಾಟ್ಸಾಪಿನ್ಯಾಗ ಐತಲ್ಲ, ಕ್ಯಾಮೆರಾದ್ದು ಅಳಸಿದ್ರ ನಡೀತದ" ಅನ್ನೂ ಲೆಕ್ಕ ಇದಕ್ಕೇ ತಪ್ಪು. ಮೂಲ ಫೋಟೋ ಕಳಿಸಬೇಕಂದ್ರ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸ್ರಿ.

ಹಂಗಾದ್ರ ಜಾಗಾ ತಿನ್ನೂದು ಯಾವುದು? ಎಲ್ಲಾರೂ ಬೈಯೂದು ಶುಭೋದಯದ ಚಿತ್ರಕ್ಕ. ಲೆಕ್ಕ ಹಾಕಿ ನೋಡ್ರಿ. ಒಂದು ಚಿತ್ರ 200 ಕೆಬಿ ಅಂತ ಹಿಡೀರಿ. ದಿನಕ್ಕ 50 ಬಂದ್ರ 10 ಎಂಬಿ. ಒಂದು ಜಿಬಿ ತುಂಬಾಕ ಮೂರು ತಿಂಗಳ ಮ್ಯಾಲೆ ಬೇಕು. ಅದೇ 10 ಎಂಬಿ ವಿಡಿಯೋ ದಿನಕ್ಕ 20 ಬಂದ್ರ ಐದೇ ದಿನಕ್ಕ ಒಂದು ಜಿಬಿ ಖಲಾಸ್. ನಾವೇ ತೆಗೆಯೂ ವಿಡಿಯೋ ಇದಕ್ಕಿಂತ ಹೊಟ್ಟಿಬಾಕ. ಒಂದು ನಿಮಿಷಕ್ಕ ಸುಮಾರು 100 ಎಂಬಿ, 4ಕೆ ಇಟ್ಟಿದ್ರ ಅದರ ಮೂರ್ನಾಲ್ಕು ಪಟ್ಟು. ಚನ್ನಮ್ಮ ಸರ್ಕಲ್ಲಿನ್ಯಾಗ ರಾಜ್ಯೋತ್ಸವದ ಮೆರವಣಿಗಿ ಹತ್ತು ನಿಮಿಷ ತೆಗೆದ್ರ ಹತ್ರಹತ್ರ ಒಂದು ಜಿಬಿ ಹೋತು. ಅಷ್ಟು ಜಾಗಾದಾಗ ಬೆಳಿ ಫೋಟೋ, ಒಂದಕ್ಕ 4 ಎಂಬಿ ಹಿಡಿದ್ರೂ, 250 ಕೂಡ್ತಾವು. ಮೆರವಣಿಗಿ ತೆಗೀಬ್ಯಾಡ್ರಿ ಅಂತಲ್ಲ. ಅದು ಎಷ್ಟು ತಿಂತು ಅನ್ನೂದು ಗೊತ್ತಿರ್ಲಿ.

ಅಂದಾಜಿನ ಮ್ಯಾಲೆ ಅಳಸೂದು ಬ್ಯಾಡ, ಮೊದಲು ತೂಕ ನೋಡ್ರಿ. ಸೆಟ್ಟಿಂಗ್ಸಿನಲ್ಲಿ ಸ್ಟೋರೇಜ್ ತೆರೀರಿ. ಫೋನ್ ಕನ್ನಡದಾಗ ಇದ್ರ "ಸಂಗ್ರಹಣೆ" ಅಂತ ಇರ್ತದ. ಆ್ಯಪ್ ಎಷ್ಟು, ಫೋಟೋ ಎಷ್ಟು, ವಿಡಿಯೋ ಎಷ್ಟು, ಸಿಸ್ಟಮ್ ಎಷ್ಟು ಅಂತ ಬ್ಯಾರೆ ಬ್ಯಾರೆ ತೋರಿಸ್ತದ. ಆಮ್ಯಾಲೆ ವಾಟ್ಸಾಪಿನ ಸೆಟ್ಟಿಂಗ್ಸ್, ಸ್ಟೋರೇಜ್ ಅಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್. ಇಲ್ಲಿ 5 ಎಂಬಿಗಿಂತ ದೊಡ್ಡವು ಒಂದು ಕಡೆ, ಭಾಳ ಸಲ ಫಾರ್ವರ್ಡ್ ಆದದ್ದು ಒಂದು ಕಡೆ ಇರ್ತಾವು. ಕೆಳಗ ಯಾವ ಗುಂಪು ಎಷ್ಟು ತಿಂದೈತಿ ಅನ್ನೂದು ದೊಡ್ಡದರಿಂದ ಸಣ್ಣದಕ್ಕ ಸಾಲಾಗಿ ಐತಿ. ಅಳಸೂದು ಇಲ್ಲಿಂದ ಶುರುವಾಗಬೇಕು, ಕ್ಯಾಮೆರಾದಿಂದ ಅಲ್ಲ. ಹಂಗೇ ಅದೇ ಸ್ಟೋರೇಜ್ ಅಂಡ್ ಡೇಟಾದಾಗ ವಿಡಿಯೋ ತಾನೇ ಡೌನ್‌ಲೋಡ್ ಆಗೂದನ್ನ ಬಂದ್ ಮಾಡ್ರಿ. ಬೇಕಾದದ್ದನ್ನ ಒತ್ತಿ ನೋಡಿದ್ರಾತು.

ಅಳಸಿದ್ರೂ ಜಾಗಾ ಬರವಲ್ದು ಅಂತ ಕೆಲವರು ಹೇಳ್ತಾರ. ಅದು ಕಸದ ಬುಟ್ಟಿ ಆಟ. ಗೂಗಲ್ ಫೋಟೋಸಿನಲ್ಲಿ ಅಳಸಿದ್ದು ಬಿನ್ನಿನಾಗ 30 ದಿನ, ಬ್ಯಾಕಪ್ ಆಗಿದ್ರ 60 ದಿನ ಕುಂತಿರ್ತದ. ಬಿನ್ ಖಾಲಿ ಮಾಡಿದ್ರ ಜಾಗಾ ಬರ್ತದ. ಆದ್ರ ಖಾಲಿ ಮಾಡೂ ಮೊದಲು ಒಮ್ಮೆ ಕಣ್ಣು ಹಾಯಿಸ್ರಿ, ತಪ್ಪಿ ಅಳಸಿದ ಹೊಲದ ಫೋಟೋ ಸಿಗೂ ಕಡೀ ಜಾಗಾ ಅದು.

ಇನ್ನ ಎರಡು ಕಡೆ ಎಚ್ಚರ ಇರ್ಲಿ. ಒಂದು, ಆ್ಯಪಿನ ಕ್ಯಾಶ್ ಅಳಸೂದಕ್ಕ ಹೆದರಿಕಿಲ್ಲ. ಅದರ ಬಾಜೂಕಿನ "ಕ್ಲಿಯರ್ ಡೇಟಾ" ಒತ್ತಬ್ಯಾಡ್ರಿ. ನೆಟ್‌ವರ್ಕ್ ಇಲ್ಲದ ಹೊಲದಾಗ ತುಂಬಿದ ಸಮೀಕ್ಷೆ ಇನ್ನೂ ಅಪ್‌ಲೋಡ್ ಆಗಿರದಿದ್ರ ಅದು ಫೋನಿನೊಳಗೇ ಇರ್ತದ. ಡೇಟಾ ಅಳಸಿದ್ರ, ಇಲ್ಲಾ ಜಾಗಾ ಮಾಡಾಕ ಆ್ಯಪನ್ನೇ ತೆಗೆದ್ರ, ಹೊಲ ಸುತ್ತಿದ ಕಷ್ಟ ನೀರಾಗ ಹೋಮ. ಎರಡು, ಗೂಗಲ್ ಫೋಟೋಸಿನಲ್ಲಿ ಬ್ಯಾಕಪ್ ಆದ ಫೋಟೋ ಅಳಸಿದ್ರ ಫೋನಿನಿಂದಲೂ ಹೋಗ್ತದ, ಖಾತೆಯಿಂದಲೂ ಹೋಗ್ತದ. ಫೋನಿನ ಜಾಗಾ ಅಷ್ಟೇ ಬೇಕಂದ್ರ "ಫ್ರೀ ಅಪ್ ಸ್ಪೇಸ್" ಒತ್ತಬೇಕು. ಈ ಖಾತೆಯೂ ಪುಕ್ಕಟೆ ಇರೂದು 15 ಜಿಬಿ ಮಾತ್ರ, ಜಿಮೇಲ್, ಡ್ರೈವ್, ಫೋಟೋ ಎಲ್ಲಾ ಸೇರಿ. 2021ರ ಜೂನ್ 1ರಿಂದ ಹಾಕಿದ ಫೋಟೋ ಎಲ್ಲಾ ಇದರಾಗೇ ಲೆಕ್ಕ ಆಗ್ತಾವು.

ಕ್ಲೀನರ್ ಆ್ಯಪಿನ ಮಾತು ಒಂದೇ ಸಾಲು: ಫೋನಿನಾಗೇ ಇರೂ ಲೆಕ್ಕಕ್ಕ ಮತ್ತೊಬ್ಬ ಗುಮಾಸ್ತ ಯಾಕ, ಅದೂ ಜಾಹೀರಾತು ತೋರಿಸಿ ನಮ್ಮ ಫೈಲ್ ಎಲ್ಲಾ ನೋಡಾಕ ಅನುಮತಿ ಕೇಳೂ ಗುಮಾಸ್ತ?

"32 ಜಿಬಿ ಫೋನಿನಾಗ ಎಷ್ಟು ಸ್ವಚ್ಛ ಮಾಡಿದ್ರೂ ಅಷ್ಟೇ" ಅಂತ ಯಾರರೆ ಅಂದ್ರ, ಖರೇ ಐತಿ. ಅಂಥಾದ್ರಾಗ ಸಿಸ್ಟಮ್ಮೇ ದೊಡ್ಡ ಪಾಲು ತಿಂತದ. ಮೆಮೊರಿ ಕಾರ್ಡಿನ ಜಾಗಾ ಇದ್ರ ಕ್ಯಾಮೆರಾದ ಫೋಟೋ ಅದಕ್ಕ ಹೋಗೂವಂಗ ಮಾಡ್ರಿ. ಅದೂ ಸಾಲದಿದ್ರ ಹೊಸಾದು ತಗೋರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಲೆಕ್ಕ ನೋಡದೇ ತಗೊಂಡ 128 ಜಿಬಿ ಫೋನೂ ತುಂಬ್ತದ, ಸ್ವಲ್ಪ ತಡಾ ಆಗ್ತದ ಅಷ್ಟೇ.

ತಪ್ಪು ನಮ್ಮದಷ್ಟೇ ಅಲ್ಲ. ಸಮೀಕ್ಷೆಗೆ ಒಂದು ಆ್ಯಪ್, ವಿಮೆಗೆ ಇನ್ನೊಂದು, ಪಿಎಂ ಕಿಸಾನಿಗೆ ಮತ್ತೊಂದು. ರೈತನ ಕೈಯಾಗ ದೊಡ್ಡ ಫೋನ್ ಐತಿ ಅಂತ ತಿಳ್ಕೊಂಡು ಇಲಾಖೆ ನಡದೈತಿ. ಫೋನಿನಾಗ ಜಾಗಾ ಇಲ್ಲ ಅನ್ನೂ ಕಾರಣಕ್ಕ ಯಾರ ಪರಿಹಾರವೂ ತಪ್ಪಬಾರದು. ಸಮೀಕ್ಷೆ ದಿನಗಳಲ್ಲಿ ರೈತ ಸಂಪರ್ಕ ಕೇಂದ್ರದಲ್ಲಿ ಈ ಕೆಲಸಕ್ಕ ಒಬ್ಬರನ್ನ ಕೂಡ್ರಿಸ್ರಿ ಅಂತ ನಾವು ಒಟ್ಟಾಗಿ ಕೇಳಬೇಕು.

ಅಲ್ಲಿತನಕ ನಮ್ಮ ಕೈಯಾಗಿನ ಕೆಲಸ ನಾವು ಮಾಡೋಣ. ರೈತ ಗುಂಪಿನ ಅಡ್ಮಿನ್‌ಗಳು ವಿಡಿಯೋ ಫಾರ್ವರ್ಡ್ ನಿಲ್ಲಸ್ರಿ, ಸುದ್ದಿ ಇದ್ರ ನಾಲ್ಕು ಸಾಲು ಬರೀರಿ. ನಾಟಿ ಮುಗಿದ ಮ್ಯಾಲೆ ಒಂದು ಸಂಜೆ ಅರ್ಧಾ ತಾಸು ಕುಂತು ಎರಡು ಜಿಬಿ ಖಾಲಿ ಇಡ್ರಿ. ಮನೀ ಹುಡುಗರ ಕೈಯಾಗ ಕೊಟ್ರೂ ನಡೀತದ, ಆದ್ರ ಹೊಲದ ಫೋಟೋ ಯಾವುವು ಅಂತ ಮೊದಲು ತೋರಿಸಿ ಕೊಡ್ರಿ. ನಿಮ್ಮ ಫೋನಿನಾಗ ಹೆಚ್ಚಿಗಿ ತಿಂದದ್ದು ಯಾವುದು ಅಂತ ನೋಡಿ ಕೆಳಗ ಬರೀರಿ, ಉಳಿದವರಿಗೂ ತಿಳೀಲಿ.